ಹನ್ನೊಂದನೇ ಕೋಣೆಯ ಹೊಲಿಗೆ

"ಇನ್ನು ನೀವು ಮನೆಗೆ ಹೊರಡಿ," ಎಂದ ವೃದ್ಧಾಶ್ರಮದ ಸಲಹೆಗಾರ.

ಅವಳಿಗೆ ಮೈಯೆಲ್ಲ ಉರಿದುಹೋಯಿತು! ಅಲ್ಲಿಯ ಹನ್ನೊಂದನೇ ಕೋಣೆಗೆ ಅಪ್ಪನನ್ನು ಸೇರಿಸಿ ಹತ್ತು ನಿಮಿಷವೂ ಆಗಿರಲಿಲ್ಲ. ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಒಂದೇ ಒಂದು ಮಾತಿಲ್ಲ...

"ನಿಮ್ಮವರನ್ನ ಹೀಗೆ ಬಿಟ್ಟು ಹೋಗಿದ್ದೀರಾ ಯಾವತ್ತಾದ್ರೂ?"

"ಹೋಗಿದ್ದೀನಿ. ನಮ್ಮಮ್ಮನ್ನ. ಎರಡು ಗಂಟೆ ಗೇಟಿನ ಹತ್ರ ನಿಂತಿದ್ದೆ. ಊಟ ಆಯ್ತಾ ಅಂತ ಕೇಳೋರೂ ಇರಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಸೇರ್ಕೊಂಡೆ."

ಅವಳು ಚೀಲ ಎತ್ತಿಕೊಂಡು ಹೊರಟಳು.

ಒಳಗೆ ಸೇರಿದವರ ಮನೆಯವರಿಗೆ ಧೈರ್ಯ ಹೇಳುವುದೇ ಅವನ ಕೆಲಸ. ಮೇಜಿನ ಮೇಲೆ ಸದಾ ಟಿಶ್ಯೂ ಡಬ್ಬಿ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ 'ಟಿಶ್ಯೂ ಸಾರ್'. ಇವಳು ಟೈಲರ್, ಟೈಲರ್ ಮಗಳು. ಅಪ್ಪ ಎರಡು ಸಲ ಜಾರಿ ಬಿದ್ದರು, ಇಸ್ತ್ರಿಪೆಟ್ಟಿಗೆ ಆರಿಸುವುದು ಮರೆತು ಅಂಗಡಿಗೇ ಬೆಂಕಿ ಹಚ್ಚಿಕೊಂಡರು. ಬೇರೆ ದಾರಿಯೇ ಇರಲಿಲ್ಲ. ಆದರೂ ಮನಸ್ಸು ಕೇಳಬೇಕಲ್ಲ!

ಪ್ರತಿ ಶನಿವಾರ ಅಪ್ಪನ ಮೌನ ನೋಡಿ ಬಂದು ಅವನ ಮುಂದೆ ಕೂತು ಅಳುತ್ತಿದ್ದಳು. ಬರಬರುತ್ತಾ ಅಲ್ಲಿ ನಗುವುದೂ ಶುರುವಾಯಿತು. ಶುಕ್ರವಾರವೇ 'ನಾಳೆ ಯಾವ ಬಟ್ಟೆ ಹಾಕ್ಕೊಳ್ಳಲಿ?' ಎಂಬ ಯೋಚನೆ. ಅವಳಿಗೇ ನಾಚಿಕೆ!

ಏಳನೇ ಶನಿವಾರ ಎರಡು ಪೆಟ್ಟು ಒಟ್ಟಿಗೇ ಬಿದ್ದವು.

"ಮುಂದಿನ ವಾರದಿಂದ ನಮ್ಮ ಹಿರಿಯ ಮೇಡಂ ನಿಮ್ಮ ಜೊತೆ ಮಾತಾಡ್ತಾರೆ," ಎಂದ ಅವನು, ಮುಖ ನೋಡದೆ.

'ನನ್ನ ಗೋಳು ಕೇಳಿ ಕೇಳಿ ಸಾಕಾಗಿದೆ ಇವ್ರಿಗೆ...' ಎಂದುಕೊಂಡಳು ಅವಳು.

ಅಷ್ಟರಲ್ಲಿ ಬಟ್ಟೆ ಒಗೆಯುವ ಅಕ್ಕ ಬಂದಳು. ಬಟ್ಟೆ ಅದಲುಬದಲಾಗದಿರಲೆಂದು ಪ್ರತಿ ಅಂಗಿಗೂ ಕೋಣೆಯ ಸಂಖ್ಯೆ ಬರೆದ ಪಟ್ಟಿಯನ್ನು ಮನೆಯವರೇ ಹೊಲಿದು ಕೊಡುವುದು ಅಲ್ಲಿಯ ರೂಢಿ.

"ನಿಮ್ಮಪ್ಪ ಪಟ್ಟಿ ಎಲ್ಲಾ ಕಿತ್ತು ಹಾಕಿದಾರೆ ಕಣಮ್ಮಾ! ಒಂದು ಅಂಗೀಲೂ ಉಳಿದಿಲ್ಲ."

'ಅಪ್ಪನಿಗೆ ಇಲ್ಲಿ ಇರೋಕೇ ಇಷ್ಟ ಇಲ್ಲ. ತಪ್ಪು ಮಾಡಿಬಿಟ್ಟೆ!' ಅವಳು ಒಂದೇ ಉಸಿರಿಗೆ ಕೋಣೆಗೆ ಓಡಿದಳು. ಅವನೂ ಹಿಂದೆಯೇ ಓಡಿದ.

"ನಡೀರಿ ಅಪ್ಪಾ, ಮನೆಗೆ ಹೋಗೋಣ. ಅಂಗಡಿ ಮುಚ್ಚಿ ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ..."

ಅಪ್ಪ ಕಿತ್ತ ಪಟ್ಟಿಯೊಂದನ್ನು ಎತ್ತಿ ಹಿಡಿದರು. ಏಳು ವಾರದ ಮೇಲೆ ಮೊದಲ ಮಾತು!

"ಇದನ್ನ ಹೊಲಿದಿದ್ದು ಯಾರು?"

"ನಾನೇ ಅಪ್ಪಾ..."

"ಕಣ್ಣು ಮುಚ್ಕೊಂಡು ಹೊಲಿದ್ಯಾ? ಗೋಣಿಚೀಲಕ್ಕೂ ಯಾರೂ ಹೀಗೆ ಹೊಲಿಯಲ್ಲ! ನೀವು ನಿಜವಾಗ್ಲೂ ಟೈಲರ್ರಾ ಅಂತ ಪಕ್ಕದ ಕೋಣೆಯೋನು ನಗ್ತಾನೆ. ಮರ್ಯಾದೆ ಹೋಯ್ತು ನಂದು!"

"ಅಳ್ತಾ ಹೊಲಿದೆ ಅಪ್ಪಾ..."

ಅಪ್ಪನ ದನಿ ಮೆತ್ತಗಾಯಿತು. "ಅಳು ಬಂದ್ರೆ ಮಿಷನ್ ನಿಲ್ಲಿಸ್ಬೇಕು. ಅಷ್ಟೂ ಕಲಿಸಿಲ್ವಾ ನಾನು? ಮೊದಲೆರಡು ವಾರ ಸಿಟ್ಟಿತ್ತು, ನಿಜ. ಆಮೇಲೆ ಮಾತಾಡೋಣ ಅಂದ್ರೆ ಬಂದಾಗೆಲ್ಲ ನಿಂದು ಸೊರ್ ಸೊರ್ ಅಳು! ಸೂಜಿ ದಾರ ತಾ ಅಂತ ಹೇಳೋದಾದ್ರೂ ಹೇಗೆ?"

"ಹಂಗಾದ್ರೆ... ಮನೆಗೆ ಬರಲ್ವಾ?"

"ಹದಿನೆಂಟು ಕೋಣೆ ಇದೆ ಇಲ್ಲಿ. ಎಲ್ಲರ ಪಟ್ಟೀನೂ ಸೊಟ್ಟ! ಇಷ್ಟು ಕೆಲಸ ಬಿಟ್ಟು ಎಲ್ಲಿಗೆ ಬರ್ಲಿ? ಹೋಗು, ಅಂಗಡಿ ನೋಡ್ಕೋ."

ಅವಳು ಅಪ್ಪನ ಮಡಿಲಲ್ಲಿ ಮುಖವಿಟ್ಟು ನಕ್ಕಳು, ಅತ್ತಳು. ಅಪ್ಪ ಮತ್ತೆ ಸಿಕ್ಕರು ಎನಿಸಿತು! ಅಪ್ಪನ ಕೈ ಅವಳ ತಲೆಯ ಮೇಲಿತ್ತು.

ಹೊರಗೆ ಬಂದರೆ ಬಾಗಿಲ ಪಕ್ಕ ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ಈಗ ಅವಳಿಗೆ ಎಲ್ಲಿಲ್ಲದ ಧೈರ್ಯ!

"ನನ್ನನ್ನ ಮೇಡಂಗೆ ಯಾಕೆ ಒಪ್ಪಿಸಿದ್ರಿ? ನಾನು ಬೇಜಾರಾದ್ನಾ?"

"ಅಯ್ಯೋ, ಇಲ್ಲ!" ಅವನು ತಡವರಿಸಿದ. "ಧೈರ್ಯ ಹೇಳೋ ಕುರ್ಚೀಲಿ ಕೂತು ಪ್ರೀತಿಸೋ ಹಾಗಿಲ್ಲ, ಅದು ನಮ್ಮ ಕೆಲಸದ ನಿಯಮ. ನನ್ನ ಕೈಲಿ ಪ್ರೀತಿಸದೆ ಇರೋಕಾಗ್ಲಿಲ್ಲ... ಅದಕ್ಕೇ ಕುರ್ಚಿ ಬಿಟ್ಟೆ."

ಅವಳ ಕೆನ್ನೆ ಕೆಂಪಾಯಿತು. ಆದರೂ ನೋಟ ತಗ್ಗಿಸಲಿಲ್ಲ.

"ನನಗೂ ಅಷ್ಟೇ. ಅಪ್ಪನ ಹತ್ರ ನೀವೇ ಹೇಳ್ಬೇಕು."

"ಈಗ್ಲೇನಾ?"

"ಈಗ್ಲೇ!"

"ಬೈದ್ರೆ?"

ಅವಳು ಅವನ ಕೈ ಹಿಡಿದು ಬಾಗಿಲು ತಳ್ಳಿದಳು.

"ಬೈಲಿ ಬಿಡಿ. ಏಳು ವಾರದಿಂದ ಅವರ ಬೈಗುಳಕ್ಕೇ ಕಾಯ್ತಿದ್ದೀನಿ!"