ಆನಂದಪುರದಲ್ಲಿ ಸುಬ್ಬಪ್ಪನವರು ಕಂಡ ಚಂದ್ರ

ಕಳೆದ ಮಾರ್ಚ್‌ನ ಒಂದು ಸಂಜೆ ಏಳು ಗಂಟೆಗೆ, ಆನಂದಪುರದ ಬಸ್ ನಿಲ್ದಾಣದ ಪಕ್ಕ ದೂರದರ್ಶಕ ನಿಲ್ಲಿಸಿ, ಹೋಗಿಬರುವವರಿಗೆ ಅರ್ಧಚಂದ್ರನನ್ನು ತೋರಿಸುತ್ತಿದ್ದೆ. ಶಿವಮೊಗ್ಗದ ಬಸ್ಸಿಳಿದ ಪ್ರತಿಮಾ ಎಂಬ ಹುಡುಗಿ ಅಜ್ಜ ಸುಬ್ಬಪ್ಪನವರ ಕೈಹಿಡಿದು ಬಂದಳು.

"ಅಜ್ಜಂಗೆ ಕಣ್ಣು ಕಾಣಲ್ಲ ಸರ್. ಇನ್ನು ದೃಷ್ಟಿ ಬರಲ್ಲ ಅಂತ ಇವತ್ತು ಡಾಕ್ಟ್ರೂ ಹೇಳಿದ್ರು. ಆದ್ರೂ ನೋಡ್ತೀನಿ ಅಂತಾರೆ."

ಬೇಡವೆನ್ನಲು ಮನಸ್ಸಾಗಲಿಲ್ಲ. ಸುಬ್ಬಪ್ಪನವರನ್ನು ನಾನೇ ಬಗ್ಗಿಸಿ, ಕಣ್ಣನ್ನು ಮಸೂರಕ್ಕೆ ಹೊಂದಿಸಿದೆ.

"ದೊಡ್ಡ ಗುಂಡಿ ಐತೆ. ನಡುವೆ ಸಣ್ಣ ಗುಡ್ಡ" ಎಂದರು.

ನಾನು ಗುರಿಯಿಟ್ಟಿದ್ದ ಗುಂಡಿ ಹಾಗೆಯೇ ಇತ್ತು. ಪ್ರತಿಮಾ ಬಾಯಿಗೆ ಸೆರಗಿನಂತೆ ದುಪಟ್ಟಾ ಒತ್ತಿಕೊಂಡು ಅತ್ತಳು. ಅವರು ಐದಾರು ನಿಮಿಷ ಕದಲದೆ ನೋಡಿದರು. ನನ್ನದು ಮೋಟಾರಿಲ್ಲದ ದೂರದರ್ಶಕ. ಎರಡು ನಿಮಿಷಕ್ಕೊಮ್ಮೆ ತಿರುಗಿಸದಿದ್ದರೆ ಚಂದ್ರ ಜಾರಿಹೋಗುತ್ತಾನೆ. ನಾನು ಮರೆತೇಬಿಟ್ಟಿದ್ದೆ. ಅವರನ್ನು ಸರಿಸಿ ಇಣುಕಿದೆ. ಬರೀ ಕತ್ತಲೆ. ಆ ಸೆಕೆಯಲ್ಲೂ ಮಸೂರದ ಅಂಚು ಹುಬ್ಬಿಗೆ ತಾಗಿ ತಣ್ಣಗೆ ಕೊರೆಯಿತು.

"ಚಂದ್ರ ಯಾವಾಗ ಮರೆಯಾದ ಅಜ್ಜಾ?"

"ಎಲ್ಲಿ ಮರೆಯಾದ? ಈಗ್ಲೂ ಕಾಣ್ತೈತಲ್ಲ" ಎಂದರು, ನನ್ನತ್ತ ಮುಖ ತಿರುಗಿಸಿ.

ಅಷ್ಟರಲ್ಲಿ ಅವರೂರಿನ ಬಸ್ ಬಂತು. ಪ್ರತಿಮಾ ಅವಸರದಲ್ಲಿ ನನ್ನ ನಂಬರ್ ಬರೆದುಕೊಂಡಳು.

ಅಮಾವಾಸ್ಯೆಯ ಸಂಜೆ ಅವಳ ಫೋನ್ ಬಂತು. "ಸರ್, ಅಜ್ಜ ಜಗಲೀಲಿ ಕೂತು ದಿನಾ ಚಂದ್ರನ್ನ ನೋಡ್ತಾರೆ. ಇವತ್ತು ಗುಂಡಿ ತುಂಬೆಲ್ಲ ತೆಳ್ಳಗೆ ನೀಲಿ ಬೆಳಕು ಬಿದ್ದೈತೆ ಅಂತಾರೆ. ಹಂಗಿರ್ತದಾ?"

ಇರುತ್ತದೆ ಎಂದೆ. ಅಮಾವಾಸ್ಯೆಯಂದು ಅಲ್ಲಿ ಬೀಳುವುದು ನಮ್ಮ ಭೂಮಿಯಿಂದ ಪ್ರತಿಫಲಿಸಿದ ಬೆಳಕು. ಇಷ್ಟು ವರ್ಷಗಳಲ್ಲಿ ಆ ದಿನ ಅದನ್ನು ನಾನು ಒಮ್ಮೆಯೂ ಕಂಡಿಲ್ಲ.