ಅರ್ಧ ವ್ಯಾಟಿನ ಪ್ರೀತಿ

ಗಾಜಿನಾಚೆ ಕೂತಿದ್ದ ಆ ಅಪರಿಚಿತ ತನ್ನನ್ನು ಕರೆಯುತ್ತಿದ್ದಾನೆ ಎಂದು ಗೊತ್ತಾದಾಗ ಅವಳ ಎದೆ ಧಸಕ್ಕೆಂದಿತು.

ಅವಳು ಕಿವಿ ಆಸ್ಪತ್ರೆಯಲ್ಲಿ ಕೇಳುವ ಶಕ್ತಿಯ ಪರೀಕ್ಷೆ ಮಾಡುವವಳು. ಸದ್ದು ಒಳಬಾರದ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪರೀಕ್ಷೆಗೆ ಬಂದವರು ಕೂರುತ್ತಾರೆ. ಕಿಟಕಿಯ ಈಚೆ ಯಂತ್ರದ ಮುಂದೆ ಅವಳು. ಒಂದೊಂದೇ ಸಣ್ಣ ಸದ್ದು ಕಳಿಸುತ್ತಾಳೆ. ಕೇಳಿಸಿದವರು ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದರೆ ಈಚೆ ಹಸಿರು ದೀಪ ಹತ್ತುತ್ತದೆ.

ಆದರೆ ಅವಳಿನ್ನೂ ಒಂದು ಸದ್ದನ್ನೂ ಕಳಿಸಿರಲಿಲ್ಲ. ದೀಪ ಮಾತ್ರ ಮಿನುಗುತ್ತಿತ್ತು.

ಉದ್ದ, ಗಿಡ್ಡ, ಉದ್ದ, ಗಿಡ್ಡ... ಉದ್ದ, ಉದ್ದ, ಗಿಡ್ಡ, ಉದ್ದ...

ಬೇರೆ ಯಾರಾದರೂ ಆಗಿದ್ದರೆ ಗುಂಡಿ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಅವಳಿಗೆ ಮಾತ್ರ ಅದು ತಾಯಿಮಾತಿನಷ್ಟು ಸಲೀಸು. ಮೋರ್ಸ್ ಸಂಕೇತ! 'ಯಾರಾದರೂ ಇದ್ದೀರಾ, ಮಾತಾಡಿ' ಎಂದು ಹವ್ಯಾಸಕ್ಕೆ ರೇಡಿಯೊ ನಡೆಸುವ 'ಹ್ಯಾಮ್'ಗಳು ಜಗತ್ತಿಗೆಲ್ಲ ಕೊಡುವ ಕರೆ.

ಒಳಗಿದ್ದವನು ಬೆಟ್ಟದಲ್ಲಿ ಕೊರೆಯುತ್ತಿದ್ದ ಸುರಂಗದ ಸರ್ವೇಯರ್. ಸುರಂಗದವರ ಕಿವಿಯನ್ನು ಕಂಪನಿ ಆಗಾಗ ಪರೀಕ್ಷೆಗೆ ಕಳಿಸುತ್ತಿತ್ತು. ಅವನು ಗೋಡೆ ನೋಡುತ್ತ, ಬೇಸರಕ್ಕೆ ಹೆಬ್ಬೆರಳು ಕುಣಿಸುತ್ತ ಕೂತಿದ್ದ. ಯಾರೋ ಓದುತ್ತಿದ್ದಾರೆಂಬ ಕನಸೂ ಅವನಿಗಿರಲಿಲ್ಲ.

ಅವಳಿಗೆ ತುಂಟತನ ತಡೆಯಲಾಗಲಿಲ್ಲ. ಯಂತ್ರದ ಕೀಲಿಯ ಮೇಲೆ ಬೆರಳಿಟ್ಟು ಅವನ ಕಿವಿಗೆ ಉತ್ತರ ಕಳಿಸಿದಳು. ಉದ್ದ, ಗಿಡ್ಡ, ಉದ್ದ. 'ಹೇಳಿ, ಕೇಳುತ್ತಿದ್ದೇನೆ.'

ಅವನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಗಿರಕ್ಕನೆ ತಿರುಗಿ ಗಾಜಿನಲ್ಲಿ ಅವಳನ್ನು ನೋಡಿದ. ಅವಳು ಏನೂ ಗೊತ್ತಿಲ್ಲದವಳಂತೆ ಯಂತ್ರ ನೋಡುತ್ತಿದ್ದಳು, ತುಟಿ ಮಾತ್ರ ಕಚ್ಚಿಕೊಂಡಿದ್ದಳು.

ಅಯ್ಯೋ, ಹೀಗೂ ಒಬ್ಬರು ಸಿಗುತ್ತಾರಾ ಎಂದುಕೊಂಡಳು...

ಆಮೇಲೆ ಪರೀಕ್ಷೆಯನ್ನು ನೆಟ್ಟಗೇ ಮಾಡಿದಳು. ಎಡಗಿವಿಗೆ ತೀರ ತೆಳುವಾದ ಕೀಚಲು ಸದ್ದುಗಳು ಸರಿಯಾಗಿ ಕೇಳಿಸುತ್ತಿರಲಿಲ್ಲ. ಡ್ರಿಲ್ಲುಗಳ ಪಕ್ಕ ಕೆಲಸ ಮಾಡುವವರಿಗೆ ಮೊದಲು ಕೆಡುವುದೇ ಅದು. ಡಾಕ್ಟರು ನೋಡಿ, ಈಗಲೇ ಗಾಬರಿ ಬೇಡ, ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಬರಲಿ ಎಂದರು. ಅವನೇನೋ ಮುಂದಿನ ಭಾನುವಾರವೇ ಬಂದ. ಆಸ್ಪತ್ರೆಗೆ ಬರಲಿಲ್ಲ, ಅವಳ ಮನೆಯ ತಾರಸಿಗೆ ಬಂದ.

ತಾರಸಿಯಲ್ಲಿ ಅವಳ ಸಾಮ್ರಾಜ್ಯವಿತ್ತು. ಎರಡು ಬಿದಿರುಗಳ ನಡುವೆ ಎಳೆದ ತಂತಿಯೇ ಆಂಟೆನಾ. ಸೋಪಿನ ಡಬ್ಬಿಯೊಳಗೆ ತಾನೇ ಬೆಸುಗೆ ಹಾಕಿ ಕೂರಿಸಿದ ರೇಡಿಯೊ. ಅದು ಹೊರಗೆ ಕಳಿಸುತ್ತಿದ್ದ ಶಕ್ತಿ ಬರೀ ಅರ್ಧ ವ್ಯಾಟ್, ಸಣ್ಣ ಟಾರ್ಚಿನಷ್ಟು. ದೊಡ್ಡ ದೊಡ್ಡ ಯಂತ್ರ ಇಟ್ಟುಕೊಂಡು ಗುಡುಗುವವರ ನಡುವೆ ಚಿಲಿಪಿಲಿ ಅನ್ನುತ್ತಾಳೆಂದು ರೇಡಿಯೊ ಗೆಳೆಯರು ಅವಳಿಗೆ 'ಗುಬ್ಬಿ' ಎಂದು ಹೆಸರಿಟ್ಟಿದ್ದರು.

ಸರ್ವೇಯರನಿಗೂ ಅದೇ ಹುಚ್ಚು. ಗುಡುಗಿದರೆ ಯಾರಿಗಾದರೂ ಕೇಳುತ್ತದೆ, ಪಿಸುಗುಟ್ಟಿ ಸಮುದ್ರ ದಾಟಬೇಕು, ಮಜಾ ಇರುವುದೇ ಅಲ್ಲಿ ಎನ್ನುತ್ತಿದ್ದ. ಅವನು ತನ್ನ ಕೋಣೆಯ ಕಿಟಕಿಯಿಂದ ಹೊಂಗೆಮರಕ್ಕೆ ಮೀನುಗಾಳದ ದಾರದಲ್ಲಿ ತಂತಿ ಎಸೆದು ಕಟ್ಟಿದ್ದ. ಕೋಣೆ ಅವಳ ಮನೆಯಿಂದ ನಾಲ್ಕು ಬೀದಿ ಆಚೆ.

ಭಾನುವಾರಗಳಿಗೆ ರೆಕ್ಕೆ ಬಂತು. ಮೂಟೆಗಟ್ಟಲೆ ಪ್ರಯೋಗಗಳು! ಹತ್ತು ಮೀಟರ್ ಉದ್ದದ ಅಲೆಗಳ ಬ್ಯಾಂಡ್ ಒಂದು ದಿನ ಸತ್ತಂತೆ ಬಿದ್ದಿದ್ದರೆ, ಮರುದಿನ ಸುಡು ಮಧ್ಯಾಹ್ನ ಎದ್ದು ಕೂತು ಭೂಮಿಯ ಇನ್ನೊಂದು ಬದಿಯವರನ್ನು ಕಿವಿಗೆ ತಂದು ಸುರಿಯುತ್ತಿತ್ತು. ನಲವತ್ತು ಮೀಟರಿನಲ್ಲಿ ಹಗಲೆಲ್ಲ ನೆರೆಹೊರೆಯವರ ಹರಟೆ. ಅವರಿಬ್ಬರ ಮುದ್ದಿನದು ಮಾತ್ರ ಇಪ್ಪತ್ತು ಮೀಟರಿನ ಬ್ಯಾಂಡ್. ಅಲ್ಲಿ ಅವರು ಶಕ್ತಿಯನ್ನು ಅರ್ಧಕ್ಕಿಳಿಸಿ, ಅದರ ಅರ್ಧಕ್ಕಿಳಿಸಿ, ಇನ್ನೂ ಕೇಳುತ್ತಿದೆಯಾ ಎಂದು ದೂರದವರನ್ನು ಕಾಡುತ್ತಿದ್ದರು.

ಹೆಚ್ಚು ಕಾಡಿಸಿಕೊಂಡವರು ದೊಡ್ಡಮ್ಮ. ಯಾರ ದೊಡ್ಡಮ್ಮನೂ ಅಲ್ಲ, ಬ್ಯಾಂಡಿಗೆಲ್ಲ ದೊಡ್ಡಮ್ಮ. ಹಡಗುಗಳಲ್ಲಿ ರೇಡಿಯೊ ಆಪರೇಟರ್ ಆಗಿದ್ದು, ನಿವೃತ್ತಿಯಾದ ಮೇಲೆ ಸಮುದ್ರದಾಚೆಯ ಒಂದು ದ್ವೀಪದಲ್ಲಿ ಬೆಕ್ಕುಗಳ ಜೊತೆ ಇದ್ದರು. ಅವರ ಕಿವಿ ಎಂದರೆ ಕಿವಿ.

ಅವಳ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಸೋಪಿನ ಡಬ್ಬಿಯಲ್ಲಿ ದುನಿಯಾ ಜೊತೆ ಮಾತಾಡುವ ಮಗಳು ಎದುರಿಗೆ ಕೂತ ಹುಡುಗನ ಜೊತೆ ಮಾತಾಡಲು ಯಾಕೆ ತಡವರಿಸುತ್ತಾಳೆ ಎಂಬುದು ಆ ತಾಯಿಗೆ ಸೋಜಿಗ. ಮಾತು ಹೇಗೆ ಬರಬೇಕು... ಅವನು ಹತ್ತಿರ ಕೂತರೆ ಅವಳಿಗೆ ತನ್ನ ಎದೆಬಡಿತವೇ ಜೋರಾಗಿ ಕೇಳುತ್ತಿತ್ತು.

ಅಷ್ಟರಲ್ಲಿ ಎರಡನೇ ಪರೀಕ್ಷೆ ಬಂತು. ಅವನು ನಗುನಗುತ್ತಲೇ ಕೋಣೆಯೊಳಗೆ ಹೋದ. ಈಚೆ ಅವಳು ಸದ್ದು ಕಳಿಸುತ್ತಿದ್ದಳು, ದೀಪ ಹತ್ತುತ್ತಿರಲಿಲ್ಲ. ಎಡಗಿವಿಯ ಶಕ್ತಿ ಇನ್ನಷ್ಟು ಇಳಿದಿತ್ತು.

ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅವನಿಗೆ ಸುರಂಗದ ಕೆಲಸ ತಪ್ಪುತ್ತದೆ. ಆ ಸುರಂಗ ಅವನ ಪ್ರಾಣ. ಬರೆಯದಿದ್ದರೆ ಕಿವಿಯೇ ಹೋಗುತ್ತದೆ. ಅವಳು ಇದ್ದ ಹಾಗೆಯೇ ಬರೆದಳು, ಡಾಕ್ಟರು ಸಹಿ ಹಾಕಿದರು. ಫಲಿತಾಂಶವನ್ನು ಡಾಕ್ಟರೇ ಹೇಳಬೇಕು, ಪರೀಕ್ಷೆ ಮಾಡಿದವರು ಬಾಯಿ ಬಿಡಬಾರದು ಎಂಬುದು ಅಲ್ಲಿನ ನಿಯಮ. ಸೋಮವಾರ ಹೇಳುತ್ತೇನೆಂದು ಡಾಕ್ಟರು ಅಂದಿದ್ದರು.

ನಡುವೆ ಭಾನುವಾರವಿತ್ತು. ಅದೂ ಎಂಥ ಭಾನುವಾರ! ಶಕ್ತಿಯನ್ನು ಒಂದು ವ್ಯಾಟಿನ ಹತ್ತನೇ ಒಂದು ಪಾಲಿಗೆ ಇಳಿಸಿದರೂ ದೊಡ್ಡಮ್ಮನಿಗೆ ಅವರ ಕರೆ ಕೇಳಿತು. ಅವನು ತಾರಸಿಯಲ್ಲಿ ಕುಣಿದೇಬಿಟ್ಟ. ಅವಳೂ ನಕ್ಕಳು. ನಗುತ್ತಲೇ ಒಳಗೆ ಬೆಂದಳು. ಹೇಳಿಬಿಡಲಾ? ಈ ಒಂದು ದಿನವಾದರೂ ಅವನು ಸಂತೋಷವಾಗಿರಲಿ...

ಸೋಮವಾರ ಡಾಕ್ಟರು ಬಾಯಿ ತೆರೆಯುವ ಮೊದಲೇ ವರದಿಯ ಪ್ರತಿ ಮುಟ್ಟಿದ್ದ ಸುರಂಗದ ಮೇಲಧಿಕಾರಿ ನಾಲ್ಕು ಜನರ ಮುಂದೆ ಅವನಿಗೆ ಸುದ್ದಿ ಹೇಳಿದ. ಅವನು ನೇರ ಆಸ್ಪತ್ರೆಯ ಮೆಟ್ಟಿಲ ಬಳಿಗೆ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

"ನೀವು ಬರೆದಿದ್ದು ತಪ್ಪು ಅಂತ ಹೇಳಲ್ಲ. ಆದ್ರೆ ನಿನ್ನೆ ಇಡೀ ದಿನ ನನ್ನ ಪಕ್ಕದಲ್ಲೇ ಕೂತಿದ್ರಲ್ಲ... ನಾನು ಕೋತಿ ಥರ ಕುಣೀತಿದ್ದೆ, ನಿಮಗೆ ಗೊತ್ತಿತ್ತು."

ಅವಳು ನಿಯಮದ ಮಾತೆತ್ತಿದಳು. ಆ ಮಾತು ತನ್ನ ಕಿವಿಗೇ ಸಪ್ಪೆಯಾಗಿ ಕೇಳಿತು. ಕಂಪನಿ ತನ್ನನ್ನು ಬೆಟ್ಟದಾಚೆ, ಹೊಳೆಯ ಅಳತೆಯ ಕೆಲಸಕ್ಕೆ ಹಾಕಿದೆ, ಅಲ್ಲಿ ಡ್ರಿಲ್ಲೂ ಇಲ್ಲ, ಫೋನಿನ ಸಿಗ್ನಲ್ಲೂ ಇಲ್ಲ ಎಂದು ಅವನು ಹೇಳಿದ. ಹೊರಡಲು ತಿರುಗಿದವನನ್ನು ಅವಳು ನಿಲ್ಲಿಸಿದಳು.

"ರೇಡಿಯೊ ತಗೊಂಡು ಹೋಗಿ. ಕೋಪ ಇಳಿದ್ರೆ ಭಾನುವಾರ ಮಧ್ಯಾಹ್ನ ನಮ್ಮ ಬ್ಯಾಂಡಲ್ಲಿ ಕರೀರಿ. ಕರೀಲಿಲ್ಲ ಅಂದ್ರೆ... ನಾನು ಅರ್ಥ ಮಾಡ್ಕೋತೀನಿ."

ಅವನು ತಲೆಯಾಡಿಸಿ ಹೋದ.

ಮೊದಲ ಭಾನುವಾರ ಅವಳು ಊಟ ಬಿಟ್ಟು ತಾರಸಿಯಲ್ಲಿ ಕೂತಳು. ಇಪ್ಪತ್ತು ಮೀಟರ್ ಬ್ಯಾಂಡ್ ಸಂತೆಯಂತೆ ತುಂಬಿತ್ತು. ಸಾವಿರಾರು ಮೈಲಿ ದೂರದವರು ಅಂಗಳದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ. ಅವನೊಬ್ಬ ಇಲ್ಲ. ಅವಳೇ ಕರೆದಳು. ಮತ್ತೆ ಮತ್ತೆ ಕರೆದಳು. ಉತ್ತರವಿಲ್ಲ.

ರೇಡಿಯೊ ಸರಿಯಿದೆ, ಆಕಾಶ ಸರಿಯಿದೆ. ಅಂದಮೇಲೆ ಕೆಟ್ಟಿರುವುದು ಅವನ ಮನಸ್ಸೇ ತಾನೆ?

ಎರಡನೇ ಭಾನುವಾರವೂ ಅಷ್ಟೇ. ಅಮ್ಮ ಮೇಲೆ ಬಂದು ಮಗಳ ಮುಖ ನೋಡಿ, ಒಂದು ಲೋಟ ಮಜ್ಜಿಗೆ ಇಟ್ಟು ಕೆಳಗಿಳಿದಳು. ಅವಳು ಲೋಟ ಹಿಡಿದುಕೊಂಡು ಮನಸಾರೆ ಅತ್ತಳು. ಮನಸ್ಸಿನಲ್ಲಿದ್ದದ್ದನ್ನು ಒಮ್ಮೆಯಾದರೂ ಹೇಳಿದ್ದರೆ! ಊರಿಗೆಲ್ಲ ಸಂದೇಶ ಕಳಿಸಿದ ಕೈ ಅವನಿಗೆ ಒಂದು ಮಾತು ಕಳಿಸಲಿಲ್ಲವಲ್ಲ...

ಮೂರನೇ ಭಾನುವಾರ, ಇದೇ ಕೊನೆ ಎಂದುಕೊಂಡು ಕೂತಳು. ಒಮ್ಮೆ ಕರೆದಳು. ಮೌನ. ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

ಅಷ್ಟರಲ್ಲಿ ಸಮುದ್ರದಾಚೆಯಿಂದ ಚಟಪಟ ಎಂದು ಮೋರ್ಸ್ ಸುರಿಯತೊಡಗಿತು. ಆ ವೇಗ ಯಾರದೆಂದು ಕೇಳಬೇಕೇ? ದೊಡ್ಡಮ್ಮ.

"ಎಂಥ ಜೋಡಿಯಪ್ಪಾ ನೀವು. ಅವನು ಕರೆಯೋದು ನಿನಗೆ ಕೇಳಲ್ಲ, ನೀನು ಕರೆಯೋದು ಅವನಿಗೆ ಕೇಳಲ್ಲ, ನಡುವೆ ನನ್ನ ಕಿವಿ ತೂತು ಬೀಳ್ತಿದೆ!"

ಅವಳು ಸ್ವಿಚ್ಚು ಬಿಟ್ಟು ಮೋರ್ಸ್ ಕೀಲಿಗೆ ಕೈಹಾಕಿದಳು. ತಡಬಡಿಸಿ ಕೇಳಿದಳು. "ಅವರು... ಕರೀತಿದ್ದಾರಾ?"

ಈ ಗಳಿಗೆಯಲ್ಲೂ ಕರೆಯುತ್ತಿದ್ದಾನೆ, ಮೂರು ವಾರದಿಂದಲೂ ಕರೆಯುತ್ತಿದ್ದಾನೆ ಎಂದರು ದೊಡ್ಡಮ್ಮ. ಪ್ರೇಮಿಗಳ ಮುನಿಸಿನಲ್ಲಿ ಮೂಗು ತೂರಿಸಬಾರದೆಂದು ಸುಮ್ಮನಿದ್ದರಂತೆ. ಇವತ್ತು ಅವನ ಕರೆ ಅಳುವ ಹಾಗೆ ಕೇಳಿದ್ದರಿಂದ ತಡೆಯಲಾಗಲಿಲ್ಲವಂತೆ.

"ಬೆಟ್ಟದಾಚೆ ಹೋದವನಿಗೆ ಇಪ್ಪತ್ತು ಮೀಟರಲ್ಲಿ ಕೇಳಿಸೋದು ಹ್ಯಾಗೆ ಹುಡುಗಿ? ನಿಮ್ಮಿಬ್ಬರ ಮಾತೂ ಆಕಾಶಕ್ಕೆ ಬಡಿದು ನನ್ನ ಮನೆ ಮೇಲೆ ಬೀಳ್ತಿದೆ. ರೇಡಿಯೊ ಲೈಸೆನ್ಸ್ ಪರೀಕ್ಷೆಗೆ ಏನು ಓದಿದ್ದೆ ನೀನು?"

ಅವಳು ಹಣೆ ಚಚ್ಚಿಕೊಂಡಳು. ಓದಿದ್ದಳು, ಹತ್ತು ಜನಕ್ಕೆ ಪಾಠವನ್ನೂ ಹೇಳಿದ್ದಳು! ಈ ಬ್ಯಾಂಡಿನ ಅಲೆ ಎತ್ತಿ ಎಸೆದ ಚೆಂಡಿನ ಹಾಗೆ. ಪಕ್ಕದವರ ತಲೆ ಮೇಲಿಂದ ಹಾರಿ ದೂರದಲ್ಲೆಲ್ಲೋ ಬೀಳುತ್ತದೆ. ನಾಲ್ಕು ಬೀದಿಯಾಚೆ ಇದ್ದಾಗ ಅದು ನೆಲದ ಮೇಲೇ ಹರಿದು ಅವನನ್ನು ಮುಟ್ಟುತ್ತಿತ್ತು. ಈಗ ನಡುವೆ ಬೆಟ್ಟವಿದೆ. ಗೊತ್ತಿದ್ದದ್ದನ್ನು ದುಃಖ ಮರೆಸಿಬಿಟ್ಟಿತ್ತು.

ನಲವತ್ತು ಮೀಟರಿಗೆ ಇಳಿಯಿರಿ, ತಂತಿ ತಗ್ಗಿಸಿ, ಅಲೆ ನೆಟ್ಟಗೆ ಮೇಲೆ ಹೋಗಿ ಹತ್ತಿರದಲ್ಲೇ ಬೀಳುತ್ತದೆ, ಅವನಿಗೂ ಹೇಳುತ್ತೇನೆ ಎಂದು ದೊಡ್ಡಮ್ಮ ಆಜ್ಞೆ ಕೊಟ್ಟರು.

ತಗ್ಗಿಸುವುದೇನೋ ಸರಿ, ಆ ಬ್ಯಾಂಡಿಗೆ ಎರಡರಷ್ಟು ಉದ್ದದ ತಂತಿ ಬೇಕು. ಅವಳು ಸುತ್ತ ನೋಡಿದಳು. ತಾರಸಿಯ ಆ ತುದಿಯಿಂದ ಈ ತುದಿಗೆ ಬಟ್ಟೆ ಒಣಹಾಕುವ ತಂತಿ!

"ಅಮ್ಮಾ, ಬೇಗ ಬಾ! ಬಟ್ಟೆ ತೆಗಿ!"

ಅಮ್ಮ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ ಬಂದಳು. ಯಾಕೆ ಏನು ಎಂದು ಕೇಳುತ್ತಲೇ ಒದ್ದೆ ಬೆಡ್‌ಶೀಟುಗಳನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡಳು. ಮಗಳು ಆಂಟೆನಾ ಇಳಿಸಿ, ಅದರ ಎರಡೂ ತುದಿಗೆ ಬಟ್ಟೆ ತಂತಿಯ ಒಂದೊಂದು ತುಂಡು ಬಿಗಿದಳು. ಕೈಗೆ ಗೀರಾಯಿತು, ಲೆಕ್ಕಿಸಲಿಲ್ಲ. ಒಂದು ತುದಿ ಕಟ್ಟಲು ಆಸರೆ ಸಾಲಲಿಲ್ಲ. ಅಮ್ಮ ಮೂಲೆಯಲ್ಲಿ ನಿಂತು, ತುದಿಯ ನೈಲಾನ್ ಹಗ್ಗವನ್ನು ಕೈಯಲ್ಲೇ ಎಳೆದು ಹಿಡಿದಳು.

"ಆ ಹುಡುಗನ ಸಲುವಾಗಿ ಕಂಬ ಆಗ್ತಿದ್ದೀನಿ. ಈಗಲಾದ್ರೂ ನೆಟ್ಟಗೆ ಮಾತಾಡು," ಎಂದಳು ಅಮ್ಮ.

ಅವಳು ಕೂತು ಕಿವಿಗೊಟ್ಟಳು. ಗೊರಗೊರ... ಯಾರದೋ ಹರಟೆ... ಮತ್ತೆ ಗೊರಗೊರ... ಅದರಡಿಯಲ್ಲಿ ಎಲ್ಲೋ ಒಂದು ಎಳೆ.

ಗುಬ್ಬಿ... ಗುಬ್ಬಿ... ಗುಬ್ಬಿ...

ಅವನ ಕೈ! ಉದ್ದದ ಸದ್ದುಗಳನ್ನು ಇನ್ನಷ್ಟು ಎಳೆಯುವ ಅದೇ ಸೋಮಾರಿ ಕೈ. ಕಣ್ಣು ಮಂಜಾಯಿತು, ಬೆರಳು ಮಾತ್ರ ಮಂಜಾಗಲಿಲ್ಲ.

'ಇದ್ದೀನಿ,' ಎಂದಳು. ಅವಳ ಇಡೀ ಅರ್ಧ ವ್ಯಾಟೂ ಆ ಒಂದು ಮಾತಿಗೆ ಹೋಯಿತು.

ಆಚೆಯಿಂದ ಸದ್ದುಗಳು ಒಂದರ ಮೇಲೊಂದು ಬಿದ್ದುಕೊಂಡು ಬಂದವು. ತನಗೆ ಕೋಪ ಎಂದೋ ಇಳಿದಿತ್ತು, ಮೊದಲ ದಿನ ಜೀಪು ಬೆಟ್ಟ ಹತ್ತುವಾಗಲೇ ಇಳಿದಿತ್ತು ಎಂದ ಅವನು. ಉತ್ತರ ಬಾರದಾಗ ಅವಳೇ ಮುಖ ತಿರುಗಿಸಿದಳೆಂದು ತಿಳಿದಿದ್ದನಂತೆ. ಅವಳು ಕ್ಷಮಿಸಿ ಎಂದು ಶುರುಮಾಡಿದಳು. ಅವನು ಅಡ್ಡ ಬಂದ.

"ಆ ಪರೀಕ್ಷೇಲಿ ನೀನು ಸುಳ್ಳು ಬರೆದಿದ್ರೆ ಇನ್ನೊಂದು ವರ್ಷಕ್ಕೆ ಈ ಕಿವಿಗೆ ನೀನು ಕೇಳಿಸ್ತಾನೇ ಇರಲಿಲ್ಲ."

ನೀನು... ಇಷ್ಟು ದಿನ 'ನೀವು' ಎನ್ನುತ್ತಿದ್ದವನು! ಅವಳ ಕೆನ್ನೆ ಬಿಸಿಯಾಯಿತು.

"ಏನಂತೆ?" ಎಂದು ಕೂಗಿದಳು ಮೂಲೆಯ ಕಂಬ.

"ಸುಮ್ಮನಿರಮ್ಮ, ಕೇಳ್ತಿದ್ದೀನಿ."

ಹೊತ್ತು ಇಳಿಯುತ್ತಿತ್ತು. ಅವನ ಸದ್ದು ತೆಳುವಾಗುತ್ತ ಬಂತು. ಸಂಜೆಯಾದರೆ ಈ ಬ್ಯಾಂಡಿಗೂ ಹತ್ತಿರದವರು ಬೇಡ, ದೂರದವರೇ ಬೇಕು. ಅವನಿಗೂ ಅದು ತಿಳಿದಿತ್ತೇನೋ, ಸುತ್ತುಬಳಸು ಬಿಟ್ಟುಬಿಟ್ಟ.

"ನಿನ್ನ ಜೊತೇಲೇ ಬಾಳಬೇಕು ಅಂತ ಆಸೆ. ಮದುವೆ ಆಗ್ತೀಯಾ?"

ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಹೂಂ ಎಂದಳು. ಗೊರಗೊರ. ಮತ್ತೆ ಹೂಂ ಎಂದಳು. ಅವನು ಎಲ್ಲೋ ಮುಳುಗುತ್ತ, ಮತ್ತೆ ಕಳಿಸು, ಮತ್ತೆ ಕಳಿಸು ಎನ್ನುತ್ತಿದ್ದ. ಅವಳು ಹೂಂ ಹೂಂ ಎಂದು ಕೀಲಿ ಬಡಿಯುತ್ತಲೇ ಇದ್ದಳು. ಅಷ್ಟರಲ್ಲಿ ಅವನಿದ್ದ ಜಾಗದಲ್ಲಿ ಯಾವುದೋ ದೂರದೇಶದವನ ಗಟ್ಟಿ ಸದ್ದು ಬಂದು ಕೂತಿತು.

ಅವನಿಗೆ ಕೇಳಿಸಿತಾ? ಗೊತ್ತಿಲ್ಲ...

ಮರುದಿನ ಆಸ್ಪತ್ರೆಯಲ್ಲಿ ಅವಳ ಮೈಯಿತ್ತು, ಮನಸ್ಸು ಬೆಟ್ಟ ಹತ್ತಿತ್ತು. ಒಬ್ಬರ ಪರೀಕ್ಷೆ ಮುಗಿಸಿ, ಮುಂದಿನವರನ್ನು ಕರೆಯಲು ಬಾಗಿಲು ತೆರೆದಳು.

ಬೆಂಚಿನ ಮೇಲೆ, ಸಾಲಿನ ಕೊನೆಯಲ್ಲಿ, ಮೊಣಕಾಲವರೆಗೆ ಕೆಸರಾದ ಬೂಟು ಹಾಕಿಕೊಂಡು ಅವನು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಇಬ್ಬರ ನಡುವೆ ಬೆಂಚಿನ ತುಂಬ ಕಿವಿ ಕೇಳದ ಜನ.

"ಕೊನೇ ಮಾತು ಕೇಳಿಸ್ಲಿಲ್ಲ," ಎಂದ ಅವನು. "ಹಾಲಿನ ವ್ಯಾನ್ ಹಿಡಿದು ಬಂದೆ."

"ಎಷ್ಟು ಸಲ ಹೇಳಿದೆ ಗೊತ್ತಾ?"

"ಗೊತ್ತಿಲ್ಲ. ಅದಕ್ಕೇ ಬಂದಿದ್ದು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ನೆಲ ನೋಡುತ್ತ, ಮೆಲ್ಲಗೆ ಹೇಳಿದಳು. "ಹೂಂ ಅಂದೆ."

"ಏನಂದ್ಲು ಆ ಮಗು?" ಎಂದರು ಬೆಂಚಿನ ಮೇಲಿದ್ದ ತಾತ.

ಪಕ್ಕದಲ್ಲಿದ್ದ ಅಜ್ಜಿ ಅವರ ಕಿವಿಗೆ ಬಾಯಿಟ್ಟು ಕೂಗಿದರು. "ಹೂಂ ಅಂದ್ಲಂತೆ ರೀ! ಮದುವೆಗೇ ಇರ್ಬೇಕು!"

ತಾತ ಅದನ್ನು ಪಕ್ಕದವರಿಗೆ ಕೂಗಿ ಹೇಳಿದರು. ಪಕ್ಕದವರು ಆಚೆಯವರಿಗೆ ಕೂಗಿದರು. ಬೆಂಚಿನ ಈ ತುದಿಯಿಂದ ಹೊರಟ ಹೂಂ ಆ ತುದಿ ಮುಟ್ಟುವಷ್ಟರಲ್ಲಿ ಇಡೀ ಆಸ್ಪತ್ರೆಗೆ ಕೇಳಿತ್ತು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವನು ನಗುತ್ತ ಹತ್ತಿರ ಬಂದು, ಮೆಲ್ಲಗೆ ಆ ಕೈಗಳನ್ನು ಬಿಡಿಸಿದ.

"ಈಗ್ಲೇ ವಾಪಸ್ ಹೋಗ್ಬೇಕಾ?" ಎಂದು ಕೇಳಿದಳು.

"ಇಲ್ಲ. ಇವತ್ತಿಡೀ ರಜ."

"ಹಾಗಾದ್ರೆ ಇಲ್ಲೇ ಕೂತಿರು. ಇವರೆಲ್ಲರನ್ನ ನೋಡಿ ಬರ್ತೀನಿ."

"ಕೂತಿರು ಅಂದ್ಯಾ?"

"ಅಂದೆ. ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ," ಎಂದು ಅವನು ಬೆಂಚಿನಲ್ಲಿ ತಾತನ ಪಕ್ಕ ಜಾಗ ಮಾಡಿಕೊಂಡು ಕೂತ. "ನಿಧಾನವಾಗಿ ಬಾ. ನಾನೆಲ್ಲೂ ಹೋಗಲ್ಲ."