ಸೆರಗಿನ ಗಂಟು

“ಆಯಿ, ದೇವ್ರಿಗಿ ಮರವು ಅದೇನು?”

ಮೊಮ್ಮಗಳು ಎಸ್ತೇರಳ ಪ್ರಶ್ನೆಗೆ, ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ರತ್ನಾಬಾಯಿ ಆಯಿಯ ಕೈ ನಿಂತಿತು. “ಏನ್ ಕೇಳ್ಲಿಕತ್ತಿ ಹುಡುಗಿ?”

“ಸಂಡೇ ಸ್ಕೂಲ್‌ನಾಗ ನೀನೇ ಹೇಳ್ದಿ. ಇನ್ನ ಮುಂದ ನೀರಿನಾಗ ಭೂಮಿ ಮುಳುಗಿಸಂಗಿಲ್ಲಂತ ದೇವ್ರು ನೋಹಗ ಮಾತು ಕೊಟ್ಟ. ಕಾಮನಬಿಲ್ಲು ನೋಡಿದಾಗೆಲ್ಲ ಆ ಮಾತು ನೆನಸ್ಕೋತೀನಿ ಅಂದ. ನೆನಪಿದ್ದವ್ರಿಗಿ ಬಿಲ್ಲು ಯಾಕ ಬೇಕು? ಸಾಬೂನು ತರೋದು ಮರೀಬಾರ್ದಂತ ನೀ ಸೆರಗಿಗಿ ಗಂಟು ಹಾಕ್ಕೋತಿ ನೋಡು, ಹಂಗಾಯ್ತು!”

ಎಸ್ತೇರಳ ಅನುಮಾನಕ್ಕೆ ಕಾರಣವಿತ್ತು. ಹೋದ ಮಳೆಗಾಲದಲ್ಲಿ ಕಾಗಿಣಾ ಹೊಳೆ ಮಳಖೇಡದ ಅವರ ಓಣಿಗೆ ನುಗ್ಗಿ, ಅವಳ ಸ್ಕೂಲ್ ಬ್ಯಾಗನ್ನೇ ಎತ್ತಿಕೊಂಡು ಹೋಗಿತ್ತು. ಈಗ ಮತ್ತೆ ನೀರು ಹಿತ್ತಲಿಗೆ ಬಂದಿದೆ. ಕಲಬುರಗಿಗೆ ಹೋದ ಅಪ್ಪ, ಅವ್ವ ಸೇತುವೆ ಮುಳುಗಿ ಆಚೆಯೇ ಉಳಿದಿದ್ದಾರೆ. ಇಂಥ ಹೊತ್ತಿನಲ್ಲಿ ಯಾರನ್ನಂತ ನಂಬುವುದು?

“ಇಡೀ ಭೂಮಿ ಮುಳುಗಿಸಂಗಿಲ್ಲ ಅಂದಾನವ್ವ. ಹೊಳಿ ಏರಂಗಿಲ್ಲ ಅಂದಿಲ್ಲ,” ಎಂದಳು ಆಯಿ. “ನಡಿ, ಸೈದಾನಬಿ ಮನಿಗಿ. ನೀರು ಬಂದಾಗೆಲ್ಲ ನನ್ನ ಮನಿ ನಿಮ್ಮದು ಅಂತ ಹೋದ ವರ್ಷ ಮಾತು ಕೊಟ್ಟಾಳ.”

“ಅವ್ರಿಗಿ ಎಲ್ಲಿ ನೆನಪಿರ್ತದ?”

ಎಸ್ತೇರಳ ಹೊಟ್ಟೆಯೊಳಗೆ ಇನ್ನೊಂದು ಸಂಗತಿಯೂ ಇತ್ತು. ಶುಕ್ರವಾರವಷ್ಟೇ ಸೈದಾನಬಿಯ ಮೊಮ್ಮಗಳು ಅಲ್ಮಾಸ್ ಜತೆ ಜಗಳವಾಗಿತ್ತು. ಮುರಿದದ್ದು ಒಂದು ಕಂಪಾಸು. ಕಿತ್ತಾಡಿದ್ದು ಮಾತ್ರ ಇಡೀ ಶಾಲೆಗೆ ಕೇಳುವ ಹಾಗೆ. “ನಿಮ್ಮ ಮನಿಗಿ ಇನ್ನ ಕಾಲಿಡಂಗಿಲ್ಲ!” ಎಂದಿದ್ದಳು ಎಸ್ತೇರ. “ಬರಬ್ಯಾಡ ಹೋಗ!” ಎಂದಿದ್ದಳು ಅಲ್ಮಾಸ್. ಆ ಹುಡುಗಿ ಅಜ್ಜಿಯ ಹತ್ತಿರ ಚಾಡಿ ಹೇಳದೆ ಬಿಟ್ಟಾಳೆಯೇ?

ಆಯಿ ಬೈಬಲ್ಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಂಕುಳಲ್ಲಿ ಅವಚಿಕೊಂಡಳು. ಎಸ್ತೇರ ರೊಟ್ಟಿ ಗಂಟು ಹಿಡಿದಳು. ಮಳೆಯಲ್ಲೇ ಇಬ್ಬರೂ ಮಸೀದಿ ಓಣಿಯ ಏರು ಹತ್ತಿದರು.

ಸೈದಾನಬಿಯ ಬಾಗಿಲಿಗೆ ಕೀಲಿ ಬಿದ್ದಿತ್ತು.

“ನೋಡ್ದಿ? ನಾ ಹೇಳಿದ್ನಿಲ್ಲ! ನಾವು ಬರ್ತೀವಂತ ಗೊತ್ತಾಗೇ ಕೀಲಿ ಹಾಕ್ಕೊಂಡು ಹೋಗ್ಯಾರ. ಆ ಅಲ್ಮಾಸಂದೇ ಕೆಲಸ!”

ಗೆದ್ದವಳ ಹಾಗೆ ಕೂಗಿದಳೇನೋ ಸರಿ, ಆದರೆ ಅಳು ಬಂದುಬಿಟ್ಟಿತು. ಇನ್ನೆಲ್ಲಿಗೆ ಹೋಗುವುದು? ಕೆಳಗೆ ಹೊಳೆ, ಮೇಲೆ ಮಳೆ.

ಆಯಿ ಕಟ್ಟೆಯ ಮೇಲೆ ಕುಳಿತಳು. “ಬರ್ತಾಳ, ಕುಂದುರು.”

“ಬರದಿದ್ರ?”

“ಮಾತು ಕೊಟ್ಟಾಳ.”

ಮತ್ತೆ ಅದೇ ಹಾಡು! ಎಸ್ತೇರಳಿಗೆ ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಹೊಳೆ ಕಡೆಯ ಓಣಿಯಿಂದ ಯಾರೋ ಕಿರುಚಿದರು. “ದಾದಿ, ಇಲ್ಲೇ ಕುಂತಾರ ನೋಡು!”

ಅಲ್ಮಾಸ್! ಅವಳ ಹಿಂದೆ ಅಜ್ಜಿ ಸೈದಾನಬಿ, ಮೊಣಕಾಲ ತನಕ ಕೆಸರು.

“ಯಾ ಅಲ್ಲಾ, ಇಲ್ಲಿ ಬಂದ್ ಕುಂತೀರೇನು! ನಿಮ್ಮನ್ನ ಕರೀಲಿಕ್ಕಂತ ನಿಮ್ಮನಿಗೇ ಹೋಗಿದ್ವಿ. ಬಾಗ್ಲಾ ಬಡದು ಬಡದು ಈ ಪೋರಿ ಅಳ್ಲಿಕತ್ತಿತ್ತು.”

“ನಾ ಏನ್ ಅತ್ತಿಲ್ಲ,” ಎಂದಳು ಅಲ್ಮಾಸ್, ಮೂಗು ಒರೆಸಿಕೊಳ್ಳುತ್ತ.

ಸೈದಾನಬಿ ಕೀಲಿಕೈಗಾಗಿ ತಡಕಾಡಿದಳು. ಅವಳ ಸೆರಗಿನ ತುದಿಯಲ್ಲೊಂದು ಗಂಟಿತ್ತು. “ಇದ್ರಾಗ ಅದ ನೋಡ್ರಿ ದಾದಿ,” ಎಂದಳು ಎಸ್ತೇರ.

“ಅದ್ರಾಗ ಏನೂ ಇಲ್ಲ ಬೇಟಿ. ಮಳಿ ಹಿಡದಾಗ ಹಾಕ್ಕೊಂಡೀನಿ, ನಿಮ್ಮ ಸಲುವಾಗಿ.”

“ನಿಮಗ ಮರವು ಅದೇನ್ರಿ?”

“ನಿಮ್ಮನ್ನ ಮರೀಲಿಕ್ಕ ಹ್ಯಾಂಗಾಗ್ತದ?” ಸೈದಾನಬಿ ನಕ್ಕಳು. “ಆದ್ರ ಗಂಟು ಕೈಗಿ ಹತ್ತಿದಾಗೆಲ್ಲ ನೀವು ಕಣ್ಣಮುಂದ ಬರ್ತೀರಿ. ಭಾಳ ಛಲೋ ಅನಿಸ್ತದ.”

ಎಸ್ತೇರ ಆಯಿಯ ಕಡೆ ನೋಡಿದಳು. ಆಯಿ ಬೈಬಲ್ ಚೀಲದ ಮೇಲಿನ ನೀರು ಒರೆಸುತ್ತಿದ್ದಳು.

ಒಳಗೆ ಬಿಸಿ ಚಹಾ ಸಿಕ್ಕಿತು. ಅಲ್ಮಾಸ್ ತನ್ನ ಒಣಗಿದ ಡ್ರೆಸ್ಸು, ಓಢಣಿ ತಂದು ಎಸ್ತೇರಳ ಮಡಿಲಿಗೆ ಎಸೆದಳು. “ಕಾಲಿಡಂಗಿಲ್ಲ ಅಂದಿದ್ದಿ?”

“ಅಂದಿದ್ದೆ,” ಎಸ್ತೇರ ತಲೆ ತಗ್ಗಿಸಿದಳು. “ತಪ್ಪಾಯ್ತು.”

ಕಿಟಕಿಯಾಚೆ ಮಳೆ ಇನ್ನೂ ಸುರಿಯುತ್ತಿತ್ತು. ಕಾಮನಬಿಲ್ಲು ಎಲ್ಲೂ ಇರಲಿಲ್ಲ. ಎಸ್ತೇರ ಹುಡುಕಲೂ ಇಲ್ಲ. ಓಢಣಿ ಹೊದ್ದುಕೊಂಡು ಅದರ ತುದಿಯನ್ನು ಬೆರಳಿಗೆ ಸುತ್ತಿದಳು.

“ಏಯ್, ನನ್ನ ಓಢಣಿಗಿ ಯಾಕ ಗಂಟು ಹಾಕ್ಲಿಕತ್ತಿ?”

“ಸುಮ್ನ,” ಎಂದಳು ಎಸ್ತೇರ. “ಬಿಚ್ಚಬ್ಯಾಡ.”